ಹಣ್ಣು ಉದುರಿದ ಮೇಲೆ ಶುರುವಾಗುವ ಕೆಲಸ

ಹುಣಸೆ ಮರಕ್ಕೆ ಏನು ಗೊಬ್ಬರ ಹಾಕ್ತೀರಿ, ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತೀರಿ ಅಂತ ಯಾರಾದರೂ ಕೇಳಿದರೆ ನಮ್ಮತ್ತೆಗೆ ನಗು ಬರುತ್ತದೆ. ಹಿತ್ತಿಲಾಚೆಯ ಬದುವಿನಲ್ಲಿರುವ ನಮ್ಮ ದೊಡ್ಡ ಮರಕ್ಕೆ ಅವರು ಕಂಡಂತೆ ಯಾರೂ ಒಂದು ಬಿಂದಿಗೆ ನೀರು ಹೊಯ್ದಿಲ್ಲ. ನಮ್ಮದು ಮಧುಗಿರಿ ಕಡೆ. ಬೋರ್‌ವೆಲ್ ಬತ್ತಿ ತೆಂಗಿನ ಸುಳಿ ಒಣಗಿದ ವರ್ಷಗಳಲ್ಲೂ ಆ ಮರ ಯುಗಾದಿ ಹೊತ್ತಿಗೆ ಚಿಗುರಿಕೊಂಡು ನಿಂತಿತ್ತು. ಬೆಳೆಸುವವರಿಗೆ ಇಷ್ಟು ಕಡಿಮೆ ಕೆಲಸ ಕೊಡುವ ಮರ ಇನ್ನೊಂದಿಲ್ಲ. ಕೆಲಸ ಎಲ್ಲ ಇರುವುದು ಹಣ್ಣು ನೆಲಕ್ಕೆ ಬಿದ್ದ ಮೇಲೆ. ಅಂಗಡಿಯ ಅರ್ಧ ಕೇಜಿ ಪೊಟ್ಟಣ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ. ತುಮಕೂರು ಪೇಟೆಯಲ್ಲಿ ಬೆಳೆದ ನನಗೂ ಗೊತ್ತಿರಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕಲಿತಿದ್ದು.

ಮನೆ ಹತ್ತಿರ ಹುಣಸೆ ಇರಬಾರದು, ಅದರಲ್ಲಿ ದೆವ್ವ ಇರುತ್ತೆ, ಅದರ ಕೆಳಗೆ ಮಲಗಬಾರದು ಅನ್ನುವ ಮಾತು ಎಲ್ಲ ಊರಲ್ಲೂ ಇದೆ. ದೆವ್ವದ ವಿಚಾರ ಬಿಡಿ, ಮನೆಗೆ ಅಂಟಿಕೊಂಡಂತೆ ನೆಡಬಾರದು ಅನ್ನುವುದಕ್ಕೆ ಬೇರೆ ಕಾರಣಗಳೇ ಸಾಕಷ್ಟಿವೆ. ಅದರ ಎಲೆ ಸಣ್ಣದು. ಗಾಳಿ ಬಂತೆಂದರೆ ಹೆಂಚಿನ ಸಂದಿ, ನೀರಿನ ತೊಟ್ಟಿ, ಒಣಹಾಕಿದ ಬಟ್ಟೆ ಎಲ್ಲದರಲ್ಲೂ ಅದೇ. ಬೇರು ದೊಡ್ಡದು, ನೆರಳು ದಟ್ಟ, ಆ ನೆರಳಲ್ಲಿ ರಾಗಿ ಪೈರು ಎದ್ದಿದ್ದನ್ನು ನಾನು ನೋಡಿಲ್ಲ. ನಮ್ಮ ಮರ ಮನೆ ಗೋಡೆಯಿಂದ ಒಂದು 50 ಅಡಿ ಆಚೆ ಇದೆ. ಕೆಳಗೆ ಹುಲ್ಲಿನ ಬಣವೆ, ಹಸು ಕಟ್ಟುವ ಗೂಟ. ಬೇಸಗೆ ಮಧ್ಯಾಹ್ನ ಇಡೀ ಮನೆಗಿಂತ ಅಲ್ಲೇ ತಂಪು. ಸಂಜೆಯಾದರೆ ಎಲೆಗಳೆಲ್ಲ ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಮರ ಮಲಗ್ತು, ಇನ್ನು ಮುಟ್ಟಬೇಡಿ ಅಂತ ಅತ್ತೆ ಮಕ್ಕಳನ್ನು ಒಳಗೆ ಕಳಿಸುತ್ತಾರೆ.

ಇನ್ನೊಂದು ಮರ ನಾನು ನೆಡಿಸಿದ್ದು. "ಹುಣಸೆ ಹಾಕಿದೋರು ಅದರ ಹಣ್ಣು ತಿನ್ನಲ್ಲ ಕಣಮ್ಮ, ಮೊಮ್ಮಕ್ಕಳು ತಿಂತಾರೆ, ಯಾಕೆ ಸುಮ್ನೆ" ಅಂತ ಅತ್ತೆ ಮೊದಲು ಒಪ್ಪಲಿಲ್ಲ. ಅವರು ಹೇಳಿದ್ದು ಬೀಜದ ಸಸಿಗೆ ಸರಿ. ರಾತ್ರಿ ನೆನೆಸಿ ಊರಿದ ಬೀಜ ಬೇಗ ಮೊಳೆಯುತ್ತದೆ, ಆದರೆ ಕಾಯಿ ಬಿಡಲು ಎಂಟು ಹತ್ತು ವರ್ಷ ಕಾಯಿಸುತ್ತದೆ. ಅಷ್ಟು ಕಾದ ಮೇಲೂ ತಾಯಿಮರದ ಹಣ್ಣೇ ಬರುತ್ತದೆ ಅನ್ನುವ ಖಾತ್ರಿಯಿಲ್ಲ. ಹುಣಸೆ ಹೂವಿನ ಪರಾಗ ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದೇ ಹೆಚ್ಚು. ಹಾಗಾಗಿ ಒಳ್ಳೆ ಮರದ ಬೀಜ ಹಾಕಿದರೂ ಬರೀ ನಾರಿನ, ತೆಳ್ಳನೆ ಕಾಯಿಯ ಮರ ಎದ್ದು ನಿಲ್ಲಬಹುದು. ಕಸಿ ಗಿಡಕ್ಕೆ ಆ ಅಪಾಯವಿಲ್ಲ. ನಾಲ್ಕೈದು ವರ್ಷಕ್ಕೆ ಕಾಯಿ ಕಾಣಿಸುತ್ತದೆ, ಮರವೂ ಗಿಡ್ಡಗೆ ಹರಡಿಕೊಂಡು ಬೆಳೆಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಟಿಎಸ್-1, ಡಿಟಿಎಸ್-2, ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ಅನ್ನುವ ತಳಿಗಳ ಹೆಸರು ನಮ್ಮ ಕಡೆ ನರ್ಸರಿಯವರ ಬಾಯಲ್ಲೂ ಇವೆ. ನಾವು ತಂದಿದ್ದು ಪಿಕೆಎಂ-1.

ಗಿಡ ತರುವ ಮೊದಲು ಒಮ್ಮೆ ನಲ್ಲೂರಿಗೆ ಹೋಗಿಬಂದೆವು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ನೋಡದವರು ಒಮ್ಮೆ ನೋಡಿ. 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಜಾಗ, ದೇಶದಲ್ಲೇ ಮೊದಲನೆಯದು. 50 ಎಕರೆಗೂ ಮಿಕ್ಕಿದ ತೋಪಿನಲ್ಲಿ 300ರ ಹತ್ತಿರ ಮರಗಳು. ಕೆಲವು ಎಷ್ಟು ಹಳೆಯವೆಂದರೆ ಬೊಡ್ಡೆ ಟೊಳ್ಳಾಗಿ, ಸೀಳಿ, ಒಂದೇ ಮರ ಮೂರು ಮರಗಳಾಗಿ ನಿಂತಿವೆ. ಆ ಟೊಳ್ಳಿನೊಳಗೆ ನಮ್ಮ ಹುಡುಗ ಹೋಗಿ ನಿಂತ. ಒಳಗಿನ ಗಟ್ಟಿ ಮರ ಏನೂ ಉಳಿದಿರಲಿಲ್ಲ, ಬರೀ ತೊಗಟೆ, ಅದರ ಹಿಂದೆ ಮರದ ಒಂದು ತೆಳು ಪದರ. ತಲೆಯೆತ್ತಿ ನೋಡಿದರೆ ಮೇಲೆ ಕಾಯಿ ಜೋತಾಡುತ್ತಿದ್ದವು. ಅತ್ತೆ ಅಲ್ಲೇ ಒಂದು ಕಾಯಿ ಆಯ್ದು ಒಡೆದು ಬಾಯಿಗೆ ಹಾಕಿಕೊಂಡು, ನಮ್ಮ ಮರದ್ದೇ ವಾಸಿ ಅಂದರು. ನೆಡಬೇಡ ಅನ್ನುವ ಮಾತು ಮಾತ್ರ ಆಮೇಲೆ ಬರಲಿಲ್ಲ.

ನೆಡುವುದು ಸುಲಭ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ಬೇಸಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟೆವು. ಮುಂಗಾರು ಶುರುವಾದ ಮೇಲೆ ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ಮುಚ್ಚಿ ಗಿಡ ಕೂರಿಸಿದೆವು. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಇರಬೇಕು, ಆ ಗಂಟಿನ ಕೆಳಗೆ ಚಿಗುರೊಡೆದರೆ ಆಗಿಂದಾಗ್ಗೆ ಚಿವುಟಬೇಕು, ಇಲ್ಲದಿದ್ದರೆ ಕೆಳಗಿನ ಕಾಡುಗಿಡವೇ ಜೋರಾಗಿ ಬೆಳೆದು ಕಸಿ ಕಡ್ಡಿಯನ್ನು ತಿಂದುಹಾಕುತ್ತದೆ. ಪಕ್ಕದ ಗಿಡಕ್ಕೂ ಇದಕ್ಕೂ 30 ಅಡಿಯಾದರೂ ಬೇಕು. ಮೊದಲ ಎರಡು ಬೇಸಗೆ ವಾರಕ್ಕೊಮ್ಮೆ ನೀರು, ಆಮೇಲೆ ಅದರ ಪಾಡಿಗೆ ಅದು. ನಮಗೆ ನಿಜವಾದ ತಲೆನೋವು ಮೇಕೆಗಳು. ಹುಣಸೆ ಚಿಗುರು ಕಂಡ ಮೇಕೆಯನ್ನು ತಡೆಯುವ ಬೇಲಿ ಇನ್ನೂ ಹುಟ್ಟಿಲ್ಲ. ಜಾಲಿಮುಳ್ಳು ತಂದು ಸುತ್ತ ಒಟ್ಟಿ, ಅದರ ಮೇಲೆ ಹಳೇ ಮೀನುಬಲೆ ಹೊದಿಸಿ ಹೇಗೋ ಆಳೆತ್ತರ ದಾಟಿಸಿದೆವು.

ಮನೆಯಲ್ಲಿ ಮರ ಇದ್ದರೆ ಸಿಗುವ ನಿಜವಾದ ಲಾಭ ಹಣ್ಣಲ್ಲ ಅಂತಲೇ ನಾನು ಹೇಳುವುದು. ಹಣ್ಣು ಅಂಗಡಿಯಲ್ಲೂ ಸಿಗುತ್ತದೆ. ಚಿಗುರು, ಹೂ, ಎಳೆಕಾಯಿ, ದೋರೆಗಾಯಿ, ಇವಕ್ಕೆ ಮರವೇ ಬೇಕು.

ಯುಗಾದಿ ಆಸುಪಾಸಿನಲ್ಲಿ ಚಿಗುರು ಬರುತ್ತದೆ, ನಸುಗೆಂಪು, ಮುಟ್ಟಿದರೆ ರೇಷ್ಮೆ. ಕೈಗೆಟುಕುವ ಕೊಂಬೆಯಿಂದ ಬೆಳಗ್ಗೆ ಸವರಿಕೊಂಡು ಬಂದು, ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಕಡ್ಡಿ ಬೇರೆ ಮಾಡುತ್ತೇವೆ. ತೊಗರಿಬೇಳೆ ಜೊತೆ ಬೇಯಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ ಹಾಕಿ ಮಸೆದರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಡ. ಹುಳಿ ಬೇರೆ ಹಾಕುವ ಹಾಗಿಲ್ಲ. ಮಿಕ್ಕ ಚಿಗುರನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಟ್ಟರೆ, ಹುರಿಗಡಲೆ, ಒಣಮೆಣಸಿನಕಾಯಿ, ಜೀರಿಗೆ ಜೊತೆ ಪುಡಿ ಮಾಡಿಕೊಳ್ಳಬಹುದು. ಗಡಿಯಾಚೆ ಆಂಧ್ರದ ಕಡೆಯ ನಮ್ಮ ನೆಂಟರು ಇದೇ ಚಿಗುರನ್ನು ಮಟನ್‌ಗೆ ಹಾಕುತ್ತಾರೆ. ಅದನ್ನು ತಿಂದ ಮೇಲೆ ನಮ್ಮ ಮನೆಯವರಿಗೆ ಬೇಳೆಸಾರು ಸಪ್ಪೆ ಅನ್ನಿಸತೊಡಗಿದ್ದು ಬೇರೆ ಕಥೆ.

ಮೇ ಕಳೆಯುವ ಹೊತ್ತಿಗೆ ಹೂ. ದೂರದಿಂದ ಹೂವೇ ಕಾಣುವುದಿಲ್ಲ, ಅಷ್ಟು ಚಿಕ್ಕದು. ಒಂದು ಗೊಂಚಲು ಕೈಗೆ ತೆಗೆದುಕೊಂಡು ನೋಡಬೇಕು. ಮೊಗ್ಗು ಕೆಂಪು, ಅರಳಿದ್ದು ತಿಳಿಹಳದಿ. ದೊಡ್ಡ ಎಸಳು ಮೂರೇ, ಅವುಗಳ ಮೇಲೆ ಯಾರೋ ಕುಂಚದ ತುದಿಯಿಂದ ಎಳೆದಂತೆ ಕೆಂಪು ಗೆರೆಗಳು. ಉಳಿದೆರಡು ಎಸಳು ಕೂದಲೆಳೆಯಷ್ಟಕ್ಕೆ ಸಣಕಲಾಗಿ ಬುಡದಲ್ಲಿ ಅಡಗಿರುತ್ತವೆ. ಬಾಯಿಗೆ ಹಾಕಿಕೊಂಡರೆ ಹುಳಿ, ಕೊನೆಗೆ ಸ್ವಲ್ಪ ಸಿಹಿ. ಆ ದಿನಗಳಲ್ಲಿ ಬೆಳಗಿನ ಹೊತ್ತು ಮರದ ತುಂಬ ಜೇನುಹುಳದ ಗುಂಯ್ ಸದ್ದು.

ಹೂವು ಹಣ್ಣಾಗುವುದಕ್ಕೆ ಒಂಬತ್ತು ಹತ್ತು ತಿಂಗಳು ಬೇಕು. ನಡುವೆ ಕಾರ್ತೀಕ ಮಾಸ ಕಳೆಯುವ ಹೊತ್ತಿಗೆ, ಕಾಯಿ ತುಂಬಿರಬೇಕು, ಒಳಗೆ ಬೀಜ ಇನ್ನೂ ಗಟ್ಟಿಯಾಗಿರಬಾರದು, ಆ ಸಂದಿಯಲ್ಲಿ ತೊಕ್ಕಿಗೆ ಕಿತ್ತುಕೊಳ್ಳಬೇಕು. ಎರಡು ವಾರ ತಡವಾದರೆ ಕೆಲಸ ಕೆಟ್ಟಿತು, ಬೀಜದ ಸಿಪ್ಪೆ ಹಲ್ಲಿಗೆ ಸಿಗುತ್ತದೆ. ಕಾಯಿ ತೊಳೆದು, ಪೂರ್ತಿ ಆರಿಸಿ, ಕಲ್ಲುಪ್ಪು ಅರಿಶಿನ ಹಾಕಿ ಒರಳಲ್ಲಿ ಜಜ್ಜಿ ಜಾಡಿಗೆ ತುಂಬುವುದು. ಮೂರನೇ ದಿನ ತೆಗೆದರೆ ಕಾಯಿ ಮೆತ್ತಗಾಗಿರುತ್ತದೆ. ಆಗ ನಾರು, ಸಿಪ್ಪೆ ಎಳೆದು ಹಾಕಿ ಮತ್ತೊಮ್ಮೆ ಕುಟ್ಟಿ, ಹುರಿದ ಮೆಂತ್ಯದ ಪುಡಿ ಸೇರಿಸಿ ಮತ್ತೆ ಜಾಡಿಗೆ. ನೀರು ತಾಗದಿದ್ದರೆ ವರ್ಷ ದಾಟಿದರೂ ಕೆಡುವುದಿಲ್ಲ. ಬೇಕಾದಾಗ ಒಂದಿಷ್ಟು ತೆಗೆದು ಹಸಿಮೆಣಸಿನಕಾಯಿ ಜೊತೆ ರುಬ್ಬಿ ಇಂಗಿನ ಒಗ್ಗರಣೆ ಹಾಕಿದರೆ ಆಯಿತು. ಬಾಯಿ ರುಚಿ ಕೆಟ್ಟ ಜ್ವರದವರೂ ಎದ್ದು ಕೂತು ಉಣ್ಣುತ್ತಾರೆ.

ಸಂಕ್ರಾಂತಿ ಸುಮಾರಿಗೆ ದೋರೆಗಾಯಿ. ಹೊರಗಿನ ಓಡು ಕಂದುಬಣ್ಣಕ್ಕೆ ತಿರುಗಿರುತ್ತದೆ, ಒಳಗೆ ಅರ್ಧ ಹಸಿರು, ಅರ್ಧ ಕೆಂಪು. ಇದು ಮಕ್ಕಳ ಪಾಲು. ಉಪ್ಪು, ಖಾರದಪುಡಿ ಹಚ್ಚಿಕೊಂಡು ತಿಂದು ಸಂಜೆಗೆ ಹಲ್ಲು ಜುಮ್ಮೆಂದು ಅನ್ನ ಅಗಿಯಲಾರದೆ ಕೂರುತ್ತವೆ. ಬೈಯಲು ನನಗೆ ಬಾಯಿ ಬರುವುದಿಲ್ಲ, ನಾನೂ ಎರಡು ತಿಂದಿರುತ್ತೇನೆ.

ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಅಂತ ಗಾದೆಯಿದೆ. ಮರದ ವಿಚಾರಕ್ಕೆ ಹೇಳಿದ್ದಾದರೂ ಹಣ್ಣಿಗೂ ಒಪ್ಪುತ್ತದೆ. ಮಾವಿನಕಾಯಿ ಹಣ್ಣಾದರೆ ಹುಳಿ ಇಳಿದುಹೋಗುತ್ತದೆ. ಹುಣಸೆಯಲ್ಲಿ ಹಾಗಲ್ಲ. ಅದರ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲ ಹಣ್ಣಾದ ಮೇಲೂ ಹೆಚ್ಚುಕಡಿಮೆ ಅಷ್ಟೇ ಉಳಿದಿರುತ್ತದೆ, ಸಿಹಿ ಬಂದು ಅದರ ಮೇಲೆ ಸೇರಿಕೊಳ್ಳುತ್ತದೆ. ಸಿಹಿ ಹುಳಿ ಎರಡೂ ಒಟ್ಟಿಗೆ ನಾಲಿಗೆಗೆ ಸಿಗುವುದು ಅದಕ್ಕೇ.

ಇನ್ನು ಕೊಯ್ಲು. ಹಣ್ಣಾಗಿದೆಯೋ ಇಲ್ಲವೋ ನೋಡಲು ಕಾಯನ್ನು ಬೆರಳಲ್ಲಿ ತಟ್ಟಬೇಕು. ಒಳಗಿನ ತಿರುಳು ಒಣಗಿ ಕುಗ್ಗಿ ಓಡಿನಿಂದ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ, ಹಿಸುಕಿದರೆ ಓಡು ಚಟ್ ಅಂತ ಒಡೆಯುತ್ತದೆ. ಹಸಿ ಇದ್ದರೆ ಓಡು ತಿರುಳಿಗೆ ಕಚ್ಚಿಕೊಂಡಿರುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಒಳಗೆ ಮುಗಿಸಬೇಕು. ತಡಮಾಡಿದರೆ ಬೇಸಗೆ ಮಳೆ ಬಂದು ಹಣ್ಣು ತೋಯಿಸುತ್ತದೆ. ತೋಯ್ದ ಹಣ್ಣು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ, ಅದನ್ನು ಮೂಸುವವರಿಲ್ಲ.

ಮರ ಹತ್ತುವವರು ನಮ್ಮೂರಲ್ಲಿ ಈಗ ಕೈಬೆರಳೆಣಿಕೆಯಷ್ಟು. ನಮ್ಮ ಮರಕ್ಕೆ ಯಾವಾಗಲೂ ಬರುವ ಅಣ್ಣ ಬೊಡ್ಡೆಗೆ ಕೈಮುಗಿದೇ ಕಾಲಿಡುವುದು. ಹಣ್ಣನ್ನು ಗಳದಿಂದ ಬಡಿಯುವುದು ಅವರಿಗೆ ಇಷ್ಟವಿಲ್ಲ. ಕೊಂಬೆಯ ಮೇಲೆ ನಿಂತು ಮೇಲಿನ ಕೊಂಬೆ ಹಿಡಿದು ಅಲುಗಿಸುತ್ತಾರೆ, ಒಣಗಿದ್ದೆಲ್ಲ ಒಮ್ಮೆಲೇ ಜಡಿಮಳೆ ಸುರಿದ ಹಾಗೆ ಟಾರ್ಪಾಲಿನ ಮೇಲೆ ಬೀಳುತ್ತದೆ. "ಬಡುದ್ರೆ ಎಳೆ ಕಡ್ಡಿ ಮುರೀತವೆ ಕಣಕ್ಕ, ಮುಂದಿನ ವರ್ಸದ ಹೂವೆಲ್ಲ ಆ ಕಡ್ಡೀಲೇ ಇರೋದು" ಅಂತ ಮೊದಲ ಸಲ ಕೇಳಿದಾಗ ಹೇಳಿದ್ದರು. ಗುತ್ತಿಗೆ ಹಿಡಿದವರು ಬಡಿಯುವ ರೀತಿ ನೋಡಿದರೆ ಅವರ ಮಾತಿನ ಬೆಲೆ ಗೊತ್ತಾಗುತ್ತದೆ. ಮುಂದಿನ ವರ್ಷ ಆ ಮರ ಅವರದಲ್ಲವಲ್ಲ. ಮೊದಲೇ ಹುಣಸೆ ಒಂದು ವರ್ಷ ತುಂಬ ಬಿಟ್ಟರೆ ಮರುವರ್ಷ ಕೈ ಬಿಗಿ ಹಿಡಿಯುವ ಮರ. ಅದರ ಮೇಲೆ ಕಡ್ಡಿಯನ್ನೂ ಮುರಿದರೆ ಮುಗಿಯಿತು. ಕೈಗೂ ಅಲುಗಾಟಕ್ಕೂ ಸಿಗದ ತುದಿಯ ಕಾಯಿಗಳಿಗಷ್ಟೇ ದೋಟಿ.

ಬಿದ್ದದ್ದನ್ನು ಮಂಕರಿಗೆ ತುಂಬಿ ಮನೆ ಮುಂದಿನ ಅಂಗಳಕ್ಕೆ ಸುರಿದ ದಿನದಿಂದ ನಮ್ಮ ಕೆಲಸ. ಸುತ್ತಮುತ್ತಲ ಹೆಂಗಸರು ಬರುತ್ತಾರೆ, ಅತ್ತೆ, ನಾನು, ನಾದಿನಿ ಇದ್ದರೆ ನಾದಿನಿ. ಒಂದೆರಡು ದಿನ ಬಿಸಿಲಿಗೆ ಹಾಕಿ, ಬಿಸಿಲು ಏರಿದ ಹೊತ್ತಲ್ಲಿ ಓಡು ಬಡಿಯುವುದು. ಬೆಳಗಿನ ಇಬ್ಬನಿಗೆ ಓಡು ಮೆತ್ತಗಿರುತ್ತದೆ, ಮುರಿಯುವುದಿಲ್ಲ, ಜಗ್ಗುತ್ತದೆ. ಹನ್ನೊಂದು ಗಂಟೆ ಮೇಲೆ ಕೋಲಿನಿಂದ ಮೆಲ್ಲಗೆ ತಟ್ಟಿದರೂ ಪುಡಿಪುಡಿ. ಮೊರದಲ್ಲಿ ಕೇರಿ ಓಡಿನ ಚೂರು ಹಾರಿಸಿದ ಮೇಲೆ ನಾರು ಎಳೆಯುವುದು. ತೊಟ್ಟು ಹಿಡಿದು ಒಂದೇ ಸಲಕ್ಕೆ ಕೆಳಕ್ಕೆ ಜಗ್ಗಿದರೆ ಬೆನ್ನಿನ ಮೇಲಿನ ಉದ್ದ ನಾರುಗಳೆಲ್ಲ ಜೊತೆಗೇ ಬರುತ್ತವೆ. ಇಷ್ಟು ಯಾರು ಬೇಕಾದರೂ ಮಾಡಬಹುದು.

ಬೀಜ ತೆಗೆಯುವುದು ಕಸುಬು. ಮುಂದೆ ಒಂದು ಚಪ್ಪಡಿ ಕಲ್ಲು, ಬಲಗೈಯಲ್ಲಿ ಚಿಕ್ಕ ಸುತ್ತಿಗೆ, ಎಡಗೈಯಲ್ಲಿ ಹಣ್ಣು. ಹಣ್ಣಿನ ಅಂಚು, ಅಂದರೆ ಬೀಜಗಳ ಸಾಲು ಇರುವ ಕಡೆ ಮೇಲೆ ಬರುವಂತೆ ಕಲ್ಲಿನ ಮೇಲೆ ನಿಲ್ಲಿಸಿ ಒಂದು ಏಟು. ಏಟು ಹೆಚ್ಚಾದರೆ ಬೀಜ ತಿರುಳಿನೊಳಕ್ಕೆ ಹೂತುಕೊಳ್ಳುತ್ತದೆ, ಕಡಿಮೆಯಾದರೆ ಬಿರಿಯುವುದಿಲ್ಲ. ಸರಿಯಾಗಿ ಬಿದ್ದರೆ ತಿರುಳು ಉದ್ದಕ್ಕೆ ಬಾಯಿ ಬಿಡುತ್ತದೆ, ಹೆಬ್ಬೆರಳು ಒಳಗೆ ಹಾಕಿ ಹೊರಳಿಸಿದರೆ ಬೀಜಗಳು ಟಪಟಪ ಕಲ್ಲಿನ ಮೇಲೆ. ನಮ್ಮತ್ತೆ ಕಲ್ಲಿನ ಕಡೆ ನೋಡುವುದೇ ಇಲ್ಲ. ಮಾತು ಒಂದು ಕಡೆ, ಕೈ ಒಂದು ಕಡೆ. ಬೀಜ ಕಳೆದ ಹಣ್ಣು ಹರಿಯದೆ ಪಟ್ಟಿಯ ಹಾಗೇ ಉಳಿದಿರುತ್ತದೆ, ಅದನ್ನು ಬಿಡಿಸಿಟ್ಟು ಒಂದರ ಮೇಲೊಂದು ಒತ್ತುತ್ತಾ ಹೋಗುತ್ತಾರೆ. ಪೇಟೆಯಲ್ಲಿ ಬೀಜ ತೆಗೆದ ಹಣ್ಣಿಗೂ ಬೀಜದ ಹಣ್ಣಿಗೂ ದರದಲ್ಲಿ ಇರುವ ವ್ಯತ್ಯಾಸ ಈ ಹೆಬ್ಬೆರಳಿನ ಕೂಲಿ.

ಕೈಗೆ ಹರಳೆಣ್ಣೆ ಸವರಿಕೊಳ್ಳದೆ ಕೂತರೆ ಅಂಟಿಗೆ ಕೈ ಓಡುವುದಿಲ್ಲ, ಉಗುರುಸಂದಿಗೆ ಹುಳಿ ಇಳಿದು ಉರಿಯೆಂದರೆ ಉರಿ. ಬೆರಳಲ್ಲಿ ಒಂದು ಬಿರುಕಿದ್ದರೂ ರಾತ್ರಿ ಸಾರಿನ ತಟ್ಟೆಗೆ ಕೈ ಹಾಕಲಾಗುವುದಿಲ್ಲ. ಸೊಂಟ ಹಿಡಿಯುತ್ತದೆ. ಓಡಿನ ಧೂಳಿಗೆ ಸೀನು ಶುರುವಾದರೆ ನಿಲ್ಲದು. ಇಷ್ಟೆಲ್ಲ ಪಟ್ಟ ಮೇಲೆ 10 ಕೇಜಿ ಓಡಿನ ಹಣ್ಣಿಗೆ ಕೈಗೆ ಬರುವ ತಿರುಳು 4 ಕೇಜಿಯ ಆಚೀಚೆ. ಮಿಕ್ಕಿದ್ದು ಬೀಜ, ಓಡು, ನಾರು. ತುಮಕೂರಿನಲ್ಲಿ, ಹಿಂದೂಪುರದಲ್ಲಿ ಹುಣಸೆಯ ದೊಡ್ಡ ಮಾರುಕಟ್ಟೆಗಳಿವೆ. ಹಂಗಾಮಿನಲ್ಲಿ ಲಾರಿಗಟ್ಟಲೆ ಹಣ್ಣು ಬಂದು ಬೀಳುತ್ತದೆ. ಅಷ್ಟನ್ನೂ ಹೀಗೇ ಯಾವುದೋ ಅಂಗಳದಲ್ಲಿ, ಯಾವುದೋ ಜಗಲಿಯಲ್ಲಿ ಹೆಂಗಸರು ಒಂದೊಂದಾಗಿ ಬಿಡಿಸಿರುತ್ತಾರೆ. ದರ ಏರಿತು ಇಳಿಯಿತು ಅಂತ ಪೇಪರಿನಲ್ಲಿ ಬರುತ್ತದೆ, ಕುಟ್ಟುವವರ ಕೂಲಿ ಎಷ್ಟು ಅಂತ ಬಂದಿದ್ದನ್ನು ನಾನು ನೋಡಿಲ್ಲ.

ಹಾಗಂತ ಆ ದಿನಗಳು ಬೇಸರದವೇನಲ್ಲ. ಊರಿನ ಸುದ್ದಿಯೆಲ್ಲ ಆ ಕಲ್ಲುಗಳ ಸುತ್ತಲೇ ತಿಳಿಯುವುದು. ಮಧ್ಯಾಹ್ನಕ್ಕೆ ಯಾರಾದರೂ ಎದ್ದು ಹೊಸ ಹಣ್ಣು, ಬೆಲ್ಲ, ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಒರಳಿಗೆ ಹಾಕಿ ಕುಟ್ಟುತ್ತಾರೆ. ಕುಟ್ಟುಂಡೆ. ಕಡ್ಡಿಗೆ ಚುಚ್ಚಿ ಮಕ್ಕಳ ಕೈಗೊಂದು, ನಮ್ಮ ಬಾಯಿಗೊಂದು.

ಬಿಡಿಸಿದ ಹಣ್ಣನ್ನು ಮತ್ತೆ ಎರಡು ಬಿಸಿಲು ಒಣಗಿಸಿ ಜಾಡಿಗೆ ತುಂಬುವುದು. ತಳಕ್ಕೆ ಕಲ್ಲುಪ್ಪು, ಮೇಲೆ ಹಣ್ಣು ಒತ್ತಿ, ಮತ್ತೆ ಉಪ್ಪು, ಹೀಗೆ ಬಾಯಿತನಕ. ಕೇಜಿಗೆ ಒಂದು ಹಿಡಿ ಉಪ್ಪು ಲೆಕ್ಕ. ಬಟ್ಟೆ ಕಟ್ಟಿ ಮುಚ್ಚಳ ಹಾಕಿದರೆ ಎರಡು ವರ್ಷಕ್ಕೂ ಏನಾಗದು. ಬೀಜ ಪೂರ್ತಿ ತೆಗೆದಿರಬೇಕು, ಅದು ಮುಖ್ಯ. ಹುಣಸೆಗೆ ಬೀಳುವ ದುಂಬಿ ಬೀಜ ಕೊರೆಯುವಂಥದ್ದು. ಕಾಯಿ ಮರದಲ್ಲಿರುವಾಗಲೇ ಮೊಟ್ಟೆ ಇಟ್ಟಿರುತ್ತದೆ. ಬೀಜ ಉಳಿದ ಹಣ್ಣನ್ನು ತುಂಬಿಟ್ಟರೆ ಮಳೆಗಾಲಕ್ಕೆ ಜಾಡಿಯೊಳಗೆ ಓಡಾಟ ಶುರು. ಬಣ್ಣದ ಆಸೆ ಇದ್ದವರು ಫ್ರಿಜ್ಜಿನಲ್ಲಿಡಿ. ತಂಪಲ್ಲಿ ಹಣ್ಣು ಕೆಂಪಗೇ ಉಳಿಯುತ್ತದೆ, ವ್ಯಾಪಾರಿಗಳು ಕೋಲ್ಡ್ ಸ್ಟೋರೇಜ್‌ಗೆ ಹಾಕುವುದೂ ಅದಕ್ಕೇ. ಹೊರಗಿಟ್ಟರೆ ವರ್ಷದೊಳಗೆ ಕಪ್ಪು. ನಮ್ಮತ್ತೆಗೆ ಕಪ್ಪಾದದ್ದೇ ಇಷ್ಟ. ಹೊಸ ಹಣ್ಣು ಒಂದು ಮಳೆಗಾಲ ಕಳೆಯದೆ ಅವರ ಒಲೆ ಹತ್ತುವುದಿಲ್ಲ, ಬಾಣಂತಿ ಸಾರಿಗಂತೂ ತೀರ ಹಳೆಯದೇ ಆಗಬೇಕು. ಪುಳಿಯೋಗರೆ ಗೊಜ್ಜಿಗೆ ಮಾತ್ರ ನಾನು ಹಟ ಹಿಡಿದು ಅದೇ ವರ್ಷದ ಹಣ್ಣು ಹಾಕುತ್ತೇನೆ. ಗಟ್ಟಿ ರಸ ತೆಗೆದು, ಬೆಲ್ಲ, ಅರಿಶಿನ ಹಾಕಿ ಎಣ್ಣೆ ಅಂಚು ಬಿಡುವವರೆಗೆ ಕಾಯಿಸುವ ಆ ಗೊಜ್ಜಿಗೆ ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ನಮ್ಮಲ್ಲಿ ಮರಿಗೆ ಅನ್ನುವ ಕಲ್ಲಿನ ಪಾತ್ರೆ ಇದೆ, ಇಲ್ಲದವರಿಗೆ ಸ್ಟೀಲು ಸಾಕು. ಕಿವುಚಿ ಉಳಿದ ಹಿಪ್ಪೆ ದೇವರ ಹಿತ್ತಾಳೆ ಸಾಮಾನಿಗೆ. ಅದಕ್ಕೊಂದಿಷ್ಟು ಉಪ್ಪು ಸೇರಿಸಿ ಉಜ್ಜಿದರೆ ಅಂಗಡಿ ಪುಡಿ ಯಾವುದೂ ಬೇಡ.

ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ವಿಷಯ ಇಲ್ಲಿ ಹೇಳಲೇಬೇಕು. ಪಾವಗಡ, ಮಧುಗಿರಿ, ಶಿರಾ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದಾದವರು, ಮಂಡಿ ಬಗ್ಗದವರು ಹಳ್ಳಿಹಳ್ಳಿಯಲ್ಲಿ ಸಿಗುತ್ತಾರೆ. ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಗುತ್ತದೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ್ದಾರೆ. ಹಾಗಂತ ಹುಣಸೆ ತಿಂದುಕೊಂಡು ಅದೇ ನೀರು ಕುಡಿಯಿರಿ ಅಂತಲ್ಲ, ಶುದ್ಧ ನೀರಿಗೆ ಬದಲಿ ಇಲ್ಲ. ದಿನಾ ಸಾರಿಗೆ ಹುಣಸೆ ಬೇಕೇ ಬೇಕು ಅನ್ನುವ ನಮ್ಮ ಅಡುಗೆಯ ಬಗ್ಗೆ ಯಾರಾದರೂ ಮೂಗು ಮುರಿದರೆ ಹೇಳುವುದಕ್ಕೆ ಒಂದು ಮಾತಾಯಿತು, ಅಷ್ಟೇ.

ಬೀಜವನ್ನು ಎಸೆಯುವ ಮಾತೇ ಇಲ್ಲ. ಹುರಿದು ಸಿಪ್ಪೆ ಕಳೆದು ನೆನೆಸಿಟ್ಟು ಅಗಿಯುವುದು ನಮ್ಮ ಮಾವನವರ ಚಟವಾಗಿತ್ತು. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೆ ದಾಳ. ಮಿಕ್ಕಿದ್ದೆಲ್ಲ ಬೀಜದ ವ್ಯಾಪಾರಿಗೆ. ಒಳಗಿನ ಬಿಳಿ ಬೇಳೆ ಬೀಸಿದ ಹಿಟ್ಟು ಬಟ್ಟೆ, ಸೆಣಬಿನ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಹೋಗುತ್ತದೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಉಣ್ಣೆಯ ಹಾಸುನೂಲಿಗೆ ಬಳಿಯುವುದೂ ಈ ಬೀಜದ ಗಂಜಿಯನ್ನೇ. ಕೊಪ್ಪಳದ ಕಿನ್ನಾಳದ ಗೊಂಬೆ ಮಾಡುವವರ ಅಂಟೂ ಇದರದ್ದೇ. ಓಡು ನೀರೊಲೆಗೆ.

ನಾನು ನೆಡಿಸಿದ ಕಸಿ ಮರ ಈಗ ನಾಲ್ಕಾರು ಮಂಕರಿ ಕೊಡುತ್ತಿದೆ. ಕಾಯಿ ಉದ್ದ, ತಿರುಳು ದಪ್ಪ, ನೆಲದ ಮೇಲೆ ನಿಂತೇ ಬಿಡಿಸಬಹುದು. ಹುಳಿಯಲ್ಲಿ ದೊಡ್ಡ ಮರವೇ ಮೇಲು ಅನ್ನುವುದು ಅತ್ತೆಯ ತೀರ್ಪು. ಎರಡನ್ನೂ ಬೆರೆಸಿ ಜಾಡಿಗೆ ತುಂಬಲು ಬಿಡುವುದಿಲ್ಲ, ಜಾಡಿಯ ಮೇಲೆ ಸುಣ್ಣದಲ್ಲಿ ಒಂದು ಗೆರೆ, ಎರಡು ಗೆರೆ ಗುರುತು ಹಾಕಿದ್ದಾರೆ.

ಈ ಸಲ ಧನುರ್ಮಾಸದಲ್ಲೇ ಮರ ಹಿಡಿಯುವ ವ್ಯಾಪಾರಿ ಬಂದರು. ದೊಡ್ಡ ಮರವನ್ನು ಎರಡು ಸುತ್ತು ಹಾಕಿ, ಕತ್ತೆತ್ತಿ ಕಣ್ಣಲ್ಲೇ ತೂಗಿ ಒಂದು ಮೊತ್ತ ಹೇಳಿದರು. ಕಣ್ಣಂದಾಜು ಅಂತ ಹಗುರಾಗಿ ತಿಳಿಯಬಾರದು, ಹತ್ತು ಕೇಜಿ ಹೆಚ್ಚುಕಡಿಮೆಯಲ್ಲಿ ಅವರು ತಪ್ಪುವುದಿಲ್ಲ. ಕುಟ್ಟುವುದಕ್ಕೆ ಜನ ಸಿಗುತ್ತಿಲ್ಲ, ನನ್ನ ಸೊಂಟವೂ ಮೊದಲಿನ ಹಾಗಿಲ್ಲ. ಕೊಟ್ಟುಬಿಡೋಣ ಅಂತ ನಮ್ಮ ಮನೆಯವರು.

"ಅರ್ಧ ಮರ ಕೊಡ್ತೀನಿ ಕಣಪ್ಪ" ಅಂದರು ಅತ್ತೆ. "ರಸ್ತೆ ಕಡೆ ಕೊಂಬೆ ನಿಂದು, ಬಣವೆ ಕಡೇದು ನಮ್ದು."

"ಅರ್ಧ ಮರ ಯಾರಾನ ಹಿಡೀತಾರಾ ಅಜ್ಜಿ?"

"ಹಿಡೀದೆ ಇದ್ರೆ ಬಿಡು. ಬಡಿಯಂಗಿಲ್ಲ, ಅಲುಗಿಸಬೇಕು. ನಮ್ಮಾಳೇ ಹತ್ತೋದು. ಕುಟ್ಟಿದ ಮೇಲೆ ಬೀಜ ನಮಗೆ ವಾಪಸ್ ಕೊಡ್ಬೇಕು."

ಬೀಜದ ಮಾತಿಗೆ ವ್ಯಾಪಾರಿ ನಕ್ಕುಬಿಟ್ಟರು. "ಅದೊಂದು ಆಗಲ್ಲ ಅಜ್ಜಿ, ಬೀಜಕ್ಕೂ ರೇಟು ಬಂದೈತೆ" ಅನ್ನುತ್ತ ಚಪ್ಪಡಿ ಕಲ್ಲಿನ ಮೇಲೆ ಕೂತು, ಕಾಫಿ ಕೊಡಿ ಅಂತ ನನ್ನ ಕಡೆ ತಿರುಗಿದರು. ಮಾತು ಇನ್ನೂ ಕುದುರಿಲ್ಲ.